ಕಿವಿಗೊಡುವ ಅಭ್ಯಾಸ



ನಾವು ಈಗ ಆಡುತ್ತಿರುವ ಮಾತು ನಿಮ್ಮ ಕಿವಿಗೆ ಬೀಳುತ್ತಿರುವುದೆಂದು ನಂಬಿದ್ದೇವೆ. ಅದು ಕಿವಿಯಿಂದ ಮುಂದಕ್ಕೆ ಹೋಗುತ್ತಿರುವುದೇ ಎಂಬುದನ್ನು ಮಾತ್ರ ಹೇಳಲಾರೆವು. ತರಗತಿಯಲ್ಲಾದರೆ ಎದುರಿಗಿರುವ ಮುಖಗಳನ್ನು ನೋಡಿ ಅಷ್ಟಿಷ್ಟು ಊಹಿಸಬಹುದು. ಇಲ್ಲಿ ಎದುರಿಗಿರುವುದು ಒಂದು ಯಂತ್ರ. ಅದು ಯಾವ ಮಾತಿಗೂ ಆಕಳಿಸುವುದಿಲ್ಲ, ಯಾವ ಮಾತಿಗೂ ತಲೆದೂಗುವುದಿಲ್ಲ. ಪುಸ್ತಕ ಓದುವವನ ಮನಸ್ಸು ಎಲ್ಲಿಯೋ ಅಲೆದು ಹಿಂದಿರುಗಿದರೆ, ಅವನು ಬಿಟ್ಟುಹೋದ ಅರ್ಧ ಪುಟ ಅಲ್ಲಿಯೇ ಅವನಿಗಾಗಿ ಕಾದಿರುತ್ತದೆ. ಆಡಿದ ಮಾತು ಹಾಗೆ ಕಾಯುವುದಿಲ್ಲ. ಮಾತನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಉಪಕರಣ ಇಂದು ಎಲ್ಲರ ಜೇಬಿನಲ್ಲಿಯೂ ಉಂಟಲ್ಲ ಎಂದು ನೀವು ಹೇಳಬಹುದು. ಉಂಟು, ಆದರೆ 'ಆಮೇಲೆ ಕೇಳಿಕೊಂಡರಾಯಿತು' ಎಂಬ ಆ ಧೈರ್ಯವೇ ಈಗ ಕೇಳದಿರುವುದಕ್ಕೆ ನೆವವಾಗಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ದಿನವೂ ನೋಡುತ್ತಿದ್ದೇವೆ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಒಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಗೆ ಮೊದಲು ಮಾಡಿದವರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸಿನ ವ್ಯಾಪಾರವೇನೆಂದು ಹುಡುಗರಿಗೆ ಪಾಠ ಹೇಳುತ್ತಿದ್ದವರೇ ಕಿವಿಯೊಂದನ್ನೇ ನಂಬಿದ ಈ ಸಾಧನವನ್ನು ಊರಿಗೆ ತಂದದ್ದು ನಮಗೆ ಬಹಳ ಉಚಿತವಾಗಿ ತೋರುತ್ತದೆ. ಆದುದರಿಂದ, ಕಲಿಯುವವರಿಗೆ ಕೇಳುವುದನ್ನು ಕಲಿಸಬಹುದೆ, ಕಲಿಸಿದರೆ ಅವರ ಅವಧಾನ ಬಲಗೊಳ್ಳುವುದೆ ಎಂಬ ಪ್ರಶ್ನೆಯನ್ನು ಬಾನುಲಿಯಲ್ಲಿಯೇ ಎತ್ತಿಕೊಂಡರೆ ತಪ್ಪಾಗಲಾರದು.

ನಮ್ಮ ಭಾಷೆ ಈ ವಿಷಯದಲ್ಲಿ ಬಡವಲ್ಲ. ಶಬ್ದ ತಾನಾಗಿ ಬಂದು ಕಿವಿಗೆ ತಾಕಿದರೆ 'ಕೇಳಿಸಿತು' ಎನ್ನುತ್ತೇವೆ. ನಾವು ಹೋಗಿ ಅದನ್ನು ಹಿಡಿದರೆ 'ಕೇಳಿದೆವು' ಎನ್ನುತ್ತೇವೆ. ಇನ್ನೂ ನಿಧಾನವಾಗಿ, ಪ್ರೀತಿಯಿಂದ ಕೇಳಿದರೆ 'ಆಲಿಸಿದೆವು.' 'ಕಿವಿಗೊಡು' ಎಂಬಲ್ಲಿ ಕೊಡುವವನು ಕೇಳುವವನೇ ಹೊರತು ಹೇಳುವವನಲ್ಲ. ಹಳೆಯ ಕಾವ್ಯಗಳಲ್ಲಿ ದೊರೆಯ ಮುಂದೆ ಬಿನ್ನವಿಸುವವರು 'ಚಿತ್ತೈಸಬೇಕು' ಎನ್ನುತ್ತಾರೆ. ಕಿವಿಯ ಹೆಸರನ್ನೇ ಎತ್ತದೆ ನೇರವಾಗಿ ಚಿತ್ತವನ್ನು ಬೇಡುತ್ತಾರೆ. ಎಲ್ಲಕ್ಕಿಂತ ವಿಶೇಷವಾದದ್ದು 'ಕೇಳು' ಎಂಬ ಧಾತು. ಪ್ರಶ್ನೆ ಮಾಡುವುದಕ್ಕೂ ಅದೇ, ಉತ್ತರಕ್ಕೆ ಕಿವಿಯೊಡ್ಡುವುದಕ್ಕೂ ಅದೇ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಕೆಲಸಗಳು, ಎರಡು ಬೇರೆ ಮಾತುಗಳು. ಕನ್ನಡದವನಿಗೆ ಅವೆರಡೂ ಒಂದೇ ಕೆಲಸದ ಎರಡು ಮಗ್ಗುಲುಗಳೆಂದು ಹೇಗೆ ತೋರಿತೋ! ಈ ಹೊತ್ತು ನಾವು ಹೇಳಬೇಕೆಂದಿರುವ ಮಾತಿನ ಬಹುಭಾಗ ಈ ಒಂದು ಪದದಲ್ಲಿಯೇ ಅಡಗಿದೆ.

ಆದರೆ ನಮ್ಮ ಶಾಲೆಗಳಲ್ಲಿ ಓದುವುದನ್ನು ಕಲಿಸುತ್ತಾರೆ, ಬರೆಯುವುದನ್ನು ಕಲಿಸುತ್ತಾರೆ. ಭಾಷಣಸ್ಪರ್ಧೆಯ ಹೆಸರಿನಲ್ಲಿ ಮಾತನಾಡುವುದನ್ನೂ ಕಲಿಸುತ್ತಾರೆ. ಕೇಳುವುದನ್ನು ಕಲಿಸುವುದಿಲ್ಲ. 'ಕೇಳಿರೋ, ಕೇಳಿರೋ' ಎಂದು ಗದರಿಸುತ್ತಾರೆ, ಅಷ್ಟೆ. ಅಮೆರಿಕದಲ್ಲಿ 1926ರಲ್ಲಿಯೇ ಪಾಲ್ ರ್ಯಾಂಕಿನ್ ಎಂಬುವರು, ಜನರು ಭಾಷೆಯನ್ನು ಬಳಸುವ ಹೊತ್ತು ದಿನದಲ್ಲಿ ಹೇಗೆ ಹಂಚಿಹೋಗುವುದೆಂದು ಲೆಕ್ಕವಿಡಿಸಿದರು. ಅವರಿಗೆ ಕಂಡುಬಂದಂತೆ ಆ ಹೊತ್ತಿನ ನೂರು ಪಾಲಿನಲ್ಲಿ ಸುಮಾರು 45 ಪಾಲು ಕೇಳುವುದಕ್ಕೆ, 30 ಪಾಲು ಮಾತಿಗೆ, 16 ಪಾಲು ಓದಿಗೆ, 9 ಪಾಲು ಬರೆಹಕ್ಕೆ ಹೋಗುತ್ತಿತ್ತು. ಈ ಅಂಕಿಗಳನ್ನು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ಪ್ರಮಾಣವೆಂದು ನಾವು ಭಾವಿಸಬೇಕಾಗಿಲ್ಲ. ಆದರೆ ಶಾಲೆ ಅತ್ಯಂತ ಹೆಚ್ಚು ಶ್ರಮಪಡುವುದು ಕಡೆಯ ಒಂಬತ್ತು ಪಾಲಿಗಾಗಿ, ಏನೂ ಶ್ರಮಪಡದಿರುವುದು ಮೊದಲಿನ ನಲವತ್ತೈದಕ್ಕಾಗಿ ಎಂಬ ವಿಪರ್ಯಾಸ ಮಾತ್ರ ಎಲ್ಲ ಕಡೆಯೂ ನಿಜವೆಂದು ತೋರುತ್ತದೆ. ಕಿವಿ ಹುಟ್ಟಿನೊಡನೆ ಬಂದದ್ದು, ಅದಕ್ಕೆ ಪಾಠವೇಕೆ ಎಂಬ ಭಾವನೆ ಇದಕ್ಕೆ ಕಾರಣ. ಕಾಲೂ ಹುಟ್ಟಿನೊಡನೆ ಬಂದದ್ದೇ. ಆದರೂ ಮಗುವಿಗೆ ನಡೆಯುವುದನ್ನು ಯಾರಾದರೊಬ್ಬರು ಕೈಹಿಡಿದು ಕಲಿಸುತ್ತಾರೆ.

ಕಿವಿಗೂ ಮನಸ್ಸಿಗೂ ನಡುವೆ ಏನು ನಡೆಯುತ್ತದೆಂಬುದನ್ನು ತೋರಿಸುವ ಒಂದು ಸೊಗಸಾದ ಪ್ರಯೋಗವುಂಟು. ಲಂಡನ್ನಿನ ಕಾಲಿನ್ ಚೆರಿ ಎಂಬ ವಿದ್ವಾಂಸರು 1953ರಲ್ಲಿ ಇದನ್ನು ಪ್ರಕಟಿಸಿದರು. ಒಬ್ಬನ ಎರಡು ಕಿವಿಗಳಿಗೂ ಕೇಳುಗೊಳವೆಗಳನ್ನಿಟ್ಟು, ಬಲಗಿವಿಗೆ ಒಂದು ಮಾತನ್ನೂ ಎಡಗಿವಿಗೆ ಇನ್ನೊಂದು ಮಾತನ್ನೂ ಒಟ್ಟಿಗೇ ಹರಿಯಬಿಟ್ಟರು. ಒಂದು ಕಿವಿಯಲ್ಲಿ ಬಂದ ಮಾತನ್ನು ಅವನು ಕೇಳಿದ ಹಾಗೆಯೇ ಗಟ್ಟಿಯಾಗಿ ಹೇಳುತ್ತ ಹೋಗಬೇಕು. ಈ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದನು. ಅನಂತರ, 'ಇನ್ನೊಂದು ಕಿವಿಯಲ್ಲಿ ಏನು ಬಂತಯ್ಯಾ?' ಎಂದು ವಿಚಾರಿಸಿದರೆ ಅವನಿಗೆ ಹೆಚ್ಚುಕಡಮೆ ಏನೂ ತಿಳಿಯದು. ಗಂಡಸಿನ ದನಿ ಹೆಂಗಸಿನ ದನಿಯಾದರೆ ಗೊತ್ತಾಗುತ್ತಿತ್ತು. ಆದರೆ ನಡುವೆ ಇಂಗ್ಲಿಷು ಹೋಗಿ ಜರ್ಮನ್ ಭಾಷೆ ಬಂದರೂ ಅವನು ಅದನ್ನು ಕಾಣಲಿಲ್ಲ. ಆ ಕಿವಿಯೇನು ಕೆಟ್ಟಿರಲಿಲ್ಲ. ಮನಸ್ಸು ಆ ಬಾಗಿಲಿನಲ್ಲಿ ನಿಂತಿರಲಿಲ್ಲ. ಆರು ವರುಷಗಳ ಮೇಲೆ, 1959ರಲ್ಲಿ, ನೆವಿಲ್ ಮೊರೇ ಎಂಬುವರು ಇದಕ್ಕೆ ಒಂದು ತಮಾಷೆಯ ಅನುಬಂಧವನ್ನು ಸೇರಿಸಿದರು. ಲಕ್ಷ್ಯವಿಲ್ಲದ ಆ ಕಿವಿಯಲ್ಲಿ ಕೇಳುವವನ ಸ್ವಂತ ಹೆಸರನ್ನು ಉಚ್ಚರಿಸಿದರೆ, ಎಲ್ಲರೂ ಅಲ್ಲದಿದ್ದರೂ ಸುಮಾರು ಮೂರರಲ್ಲಿ ಒಬ್ಬರು ಥಟ್ಟನೆ ಎಚ್ಚೆತ್ತರು. ಮೇಷ್ಟರಾದವರು ತರಗತಿಯಲ್ಲಿ ಹುಡುಗರ ಹೆಸರು ಹಿಡಿದು ಕರೆಯುವುದು ಏಕೆಂಬುದಕ್ಕೆ ಹೀಗೆ ಶಾಸ್ತ್ರದ ಬೆಂಬಲ ದೊರೆಯಿತು. ಉಳಿದ ಇಬ್ಬರನ್ನು ಏನು ಮಾಡಬೇಕೆಂಬುದನ್ನು ಮಾತ್ರ ಶಾಸ್ತ್ರ ಹೇಳಲಿಲ್ಲ.

ಹಾಗಾದರೆ ಮನಸ್ಸು ಬಾಗಿಲಿನಿಂದ ಏಕೆ ಸರಿಯುತ್ತದೆ? ಮಾತು ಕಠಿನವಾದುದರಿಂದ, ವೇಗವಾದುದರಿಂದ ಎಂದು ನಾವು ಬಹುಕಾಲ ತಿಳಿದಿದ್ದೆವು. ಮಿನೆಸೋಟಾ ವಿಶ್ವವಿದ್ಯಾನಿಲಯದ ರಾಲ್ಫ್ ನಿಕೊಲ್ಸ್ ಎಂಬುವರು ಇದಕ್ಕೆ ಬೇರೆಯೇ ವಿವರಣೆ ಕೊಟ್ಟರು. ವಿದ್ಯಾರ್ಥಿಗಳ ಕೇಳುವ ಶಕ್ತಿಯ ಮೇಲೆ ಅವರು ವರುಷಗಟ್ಟಲೆ ದುಡಿದು 1957ರಲ್ಲಿ ಲೆನರ್ಡ್ ಸ್ಟೀವನ್ಸರೊಡನೆ ಒಂದು ಪುಸ್ತಕವನ್ನೇ ಬರೆದರು. ಇಂಗ್ಲಿಷಿನವನು ಸಾಧಾರಣವಾಗಿ ಒಂದು ನಿಮಿಷಕ್ಕೆ ಸುಮಾರು 125 ಪದಗಳನ್ನು ಆಡುತ್ತಾನೆ. ಆದರೆ ಯೋಚನೆ ಅದಕ್ಕಿಂತ ಬಹಳ ಬೇಗ ಓಡಬಲ್ಲುದು. ಆದುದರಿಂದ ಕೇಳುವವನಿಗೆ ಪ್ರತಿಯೊಂದು ಮಾತಿನ ನಡುವೆಯೂ ಒಂದಿಷ್ಟು ಬಿಡುವು ಉಳಿಯುತ್ತದೆ. ಆ ಬಿಡುವಿನಲ್ಲಿಯೇ ಮನಸ್ಸು ಎದ್ದು ಮನೆಗೆ ಹೋಗುತ್ತದೆ, ಸಂಜೆಯ ಕ್ರಿಕೆಟ್ಟಿಗೆ ಹೋಗುತ್ತದೆ, ಮತ್ತೆ ಬಂದು ಕೂಡುತ್ತದೆ. ಮೊದಮೊದಲು ಹೊತ್ತಿಗೆ ಸರಿಯಾಗಿ ಬರುತ್ತದೆ. ಒಂದು ಸಲ ತಡವಾಗುತ್ತದೆ. ಆಗ ಮಾತಿನ ಎಳೆ ಕಡಿದುಹೋಗುತ್ತದೆ. ಹೀಗೆ ಚಿತ್ತಚಾಂಚಲ್ಯಕ್ಕೆ ಕಾರಣ ಹುಡುಗನ ಮನಸ್ಸು ಮಂದವಾಗಿರುವುದಲ್ಲ, ಅದಕ್ಕೆ ಕೆಲಸ ಸಾಲದಿರುವುದು. ಆ ಬಿಡುವಿಗೆ ಮಾತಿನೊಳಗೇ ಒಂದು ಕೆಲಸವನ್ನು ಒದಗಿಸಬೇಕು. ಇವರು ಈಗ ಎಲ್ಲಿಗೆ ಹೋಗುತ್ತಿದ್ದಾರೆ, ಇದಕ್ಕೆ ಆಧಾರವೇನು, ಈವರೆಗೆ ಹೇಳಿದ್ದು ಒಟ್ಟಿನಲ್ಲಿ ಏನು ಎಂದು ತನ್ನೊಳಗೆ ಪ್ರಶ್ನೆಮಾಡಿಕೊಳ್ಳುತ್ತ ಕೇಳುವವನಿಗೆ ಮನೆಗೆ ಹೋಗಿಬರಲು ಪುರಸತ್ತಿರುವುದಿಲ್ಲ. ಕೇಳುವುದು, ಮತ್ತು ಕೇಳುವುದು! ಕನ್ನಡದ ಧಾತು ಎಂದೋ ತಿಳಿದಿದ್ದುದನ್ನು ಅಮೆರಿಕದವರು ಪ್ರಯೋಗದಿಂದ ಕಂಡುಕೊಂಡರೆಂದು ಹೆಮ್ಮೆಪಡುವವರು ಪಡಬಹುದು.

ಹೆಮ್ಮೆಯ ಮಾತು ಬಂದುದರಿಂದ ನಮ್ಮ ಹಿಂದಿನವರ ಅಭ್ಯಾಸಕ್ರಮವನ್ನೂ ಒಂದಿಷ್ಟು ನೋಡೋಣ. ವೇದವನ್ನು ಕಲಿಸುತ್ತಿದ್ದುದು ಪೂರ್ತಿಯಾಗಿ ಕಿವಿಯ ಮೂಲಕ. ಗುರು ಹೇಳಿದ್ದನ್ನು ಶಿಷ್ಯರು ಸ್ವರ ತಪ್ಪದೆ ಹಿಂದಿರುಗಿಸಬೇಕು. ಸಂಹಿತೆಯಾದ ಮೇಲೆ ಪದ, ಕ್ರಮ, ಜಟೆ, ಘನ ಎಂದು ಅದೇ ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಬೇಕು. ಮನಸ್ಸು ಒಂದು ಕ್ಷಣ ಎತ್ತಲಾದರೂ ಸರಿದರೆ ಹೆಣಿಗೆ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಸಂಗೀತದ ಸರಳೆವರಸೆಯಲ್ಲಿ ಎಳೆಯ ಮಕ್ಕಳು ಕೈಯಲ್ಲಿ ತಾಳವನ್ನೂ ಕಿವಿಯಲ್ಲಿ ಗುರುವಿನ ಸ್ವರವನ್ನೂ ಹಿಡಿದಿರಬೇಕು. ಸಂದಿನಲ್ಲಿ ಅಲೆಯುವುದಕ್ಕೆ ಎಡೆಯಿಲ್ಲ. ಗಮಕದ ವಾಚನವನ್ನು ಕೇಳುತ್ತಿದ್ದ ಜನರಲ್ಲಿ ಅನೇಕರಿಗೆ ಅಕ್ಷರವೇ ಬರುತ್ತಿರಲಿಲ್ಲ. ಆದರೂ ಕುಮಾರವ್ಯಾಸನ ಷಟ್ಪದಿಗಳು ಅವರ ನಾಲಗೆಯ ಮೇಲಿದ್ದವು. ಇನ್ನು ಅವಧಾನವೆಂಬ ಹೆಸರಿನದೇ ಒಂದು ಕಲೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಕುಳಿತು, ಒಬ್ಬರು ಸಮಸ್ಯೆ ಕೊಟ್ಟು, ಒಬ್ಬರು ಅಕ್ಷರವನ್ನು ನಿಷೇಧಿಸಿ, ಒಬ್ಬರು ನಡುನಡುವೆ ಅಪ್ರಸ್ತುತವಾದ ಹರಟೆ ತೆಗೆದು ಕಾಡುತ್ತಾರೆ. ಇವೆಲ್ಲದರ ನಡುವೆ ಎಷ್ಟು ಸಲ ಗಂಟೆ ಬಾರಿಸಿತೆಂಬುದನ್ನೂ ಅವಧಾನಿ ಎಣಿಸಿಟ್ಟುಕೊಳ್ಳಬೇಕಾಗುವುದುಂಟು. ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿಕೊಟ್ಟರು. ಇದು ಕೇವಲ ಹಳೆಯ ಕಥೆಯಲ್ಲ.

ಇಷ್ಟನ್ನು ಹೇಳಿದ ಮೇಲೆ, ಇವರೆಲ್ಲರ ಅವಧಾನ ಎಲ್ಲ ವಿಷಯದಲ್ಲಿಯೂ ಹರಿತವಾಗಿರಬೇಕಷ್ಟೆ ಎಂದು ನೀವು ನಿರೀಕ್ಷಿಸಬಹುದು. ಇಲ್ಲಿ ನಾವು ಸ್ವಲ್ಪ ಎಚ್ಚರಿಕೆಯಿಂದ ಹೆಜ್ಜೆಯಿಡಬೇಕಾಗಿದೆ. ನಮಗೆ ಬಂಧುಗಳಾದ ಒಬ್ಬ ಘನಪಾಠಿಗಳಿದ್ದರು. ಪಾಠದಲ್ಲಿ ಒಂದು ಸ್ವರ ತಪ್ಪಿದರೂ ಹತ್ತು ಜನರ ಗುಂಪಿನಲ್ಲಿ ತಪ್ಪಿದವನನ್ನು ಹಿಡಿಯುತ್ತಿದ್ದರು. ಆದರೆ ಅಂಗಡಿಯಿಂದ ತರಬೇಕಾದ ನಾಲ್ಕು ಸಾಮಾನನ್ನು ಮನೆಯವರು ಹೇಳಿದರೆ ಎರಡನ್ನು ಮಾತ್ರ ತರುತ್ತಿದ್ದರು. ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬುವರು 1901ರಲ್ಲಿಯೇ ಇದರ ಬೇರನ್ನು ಮುಟ್ಟಿದ್ದರು. ಒಂದು ಬಗೆಯ ಆಕೃತಿಗಳ ವಿಸ್ತೀರ್ಣವನ್ನು ಕಣ್ಣಳತೆಯಿಂದ ಹೇಳುವ ಅಭ್ಯಾಸ ಮಾಡಿಸಿದರೆ, ಬೇರೆ ಬಗೆಯ ಆಕೃತಿಗಳಲ್ಲಿ ಆ ನೈಪುಣ್ಯ ಅಷ್ಟಾಗಿ ಒದಗಿಬರಲಿಲ್ಲ. ಮನಸ್ಸಿನ ಶಕ್ತಿಯೆಂಬುದು ಗರಡಿಯಲ್ಲಿ ಬೆಳೆಸಿದ ತೋಳಿನಂತೆ ಯಾವ ಭಾರವನ್ನಾದರೂ ಎತ್ತಬಲ್ಲುದೆಂಬ ಹಳೆಯ ನಂಬಿಕೆಗೆ ಅಂದಿನಿಂದಲೂ ಪೆಟ್ಟು ಬೀಳುತ್ತಲೇ ಇದೆ. ಅಭ್ಯಾಸದ ಫಲ ಅಭ್ಯಾಸ ನಡೆದ ನೆಲದ ಸುತ್ತಮುತ್ತಲೇ ಹೆಚ್ಚಾಗಿ ಬೆಳೆಯುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮಕ್ಕಳ ಏಕಾಗ್ರತೆಯನ್ನು ಬೆಳೆಸುತ್ತೇವೆಂದು ಶಬ್ದಗಳನ್ನು ಸೋಸಿ, ಏರಿಸಿ, ಇಳಿಸಿ ಕೇಳಿಸುವ ಚಿಕಿತ್ಸೆಗಳು ಪೇಟೆಗೆ ಬಂದಿವೆ. ತಾಯಿತಂದೆಯರು ಹಣ ತೆತ್ತು ಕೊಳ್ಳುತ್ತಲೂ ಇದ್ದಾರೆ. ಫ್ರಾನ್ಸಿನಲ್ಲಿ ಆಲ್‌ಫ್ರೆಡ್ ತೊಮಾತೀ ಎಂಬ ಕಿವಿಯ ವೈದ್ಯರು ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಹಾಡುಗಾರರಿಗೆ ಚಿಕಿತ್ಸೆ ಮಾಡುತ್ತ ಇಂಥದೊಂದು ಪದ್ಧತಿಯನ್ನು ಕಟ್ಟಿದರು. ಅನಂತರ ಅದರಿಂದ ಕಲಿಕೆಯ ತೊಂದರೆಗಳೂ ನೀಗುವುವೆಂಬ ಮಾತು ಹರಡಿತು. ಕಟ್ಟುನಿಟ್ಟಾದ ಪರೀಕ್ಷೆಗೆ ಒಡ್ಡಿದಾಗ ಆ ದೊಡ್ಡ ಮಾತುಗಳಿಗೆ ತಕ್ಕ ಪ್ರಮಾಣ ದೊರೆತಿಲ್ಲ. ಹದಿನೈದು ದಿನ ಕಿವಿಗೆ ಯಂತ್ರವನ್ನಿಟ್ಟು ಮಗುವಿನ ಚಿತ್ತವನ್ನು ನಿಲ್ಲಿಸುವೆನೆಂದು ಯಾರಾದರೂ ಹೇಳಿದರೆ, ಅವರ ಮಾತನ್ನು ಕೇಳುವಾಗಲೇ ನೀವು ನಿಮ್ಮ ಅವಧಾನವನ್ನು ಚೆನ್ನಾಗಿ ಉಪಯೋಗಿಸಬೇಕು.

ಸಂಗೀತದ ವಿಷಯದಲ್ಲಿ ಸ್ವಲ್ಪ ಭರವಸೆಯ ಸುದ್ದಿಯಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ನೀನಾ ಕ್ರೌಸ್ ಮತ್ತು ಅವರ ಸಂಗಡಿಗರು, ಲಾಸ್ ಏಂಜಲಿಸ್ ನಗರದ ಬಡ ಬೀದಿಗಳ ಮಕ್ಕಳಿಗೆ ಸಂಗೀತ ಕಲಿಸುವ ಒಂದು ಸಂಸ್ಥೆಯಲ್ಲಿ ಪರೀಕ್ಷೆ ನಡೆಸಿ 2014ರಲ್ಲಿ ಪ್ರಕಟಿಸಿದರು. ಒಂದಕ್ಕೊಂದು ಹತ್ತಿರವಾದ ಉಚ್ಚಾರಗಳನ್ನು ಮಕ್ಕಳ ಮಿದುಳು ಎಷ್ಟು ಸ್ಪಷ್ಟವಾಗಿ ಬೇರ್ಪಡಿಸುವುದೆಂದು ಅಳೆದರು. ಒಂದು ವರುಷದ ಪಾಠದಿಂದ ಎದ್ದುಕಾಣುವ ಬದಲಾವಣೆ ಕಾಣಲಿಲ್ಲ. ಎರಡು ವರುಷವಾದ ಮೇಲೆ ಕಂಡಿತು. ಅದೂ ಸುಮ್ಮನೆ ಸಂಗೀತ ಕೇಳಿದುದರಿಂದಲ್ಲ, ಕುಳಿತು ಕಲಿತು ನುಡಿಸಿದುದರಿಂದ. ನಮ್ಮ ಮನೆಗಳಲ್ಲಿ ಸರಳೆ ಜಂಟಿಗಳಿಗೆ ಬೇಸರಪಟ್ಟು ಆರು ತಿಂಗಳಿಗೇ ಕೀರ್ತನೆಗೆ ಅವಸರಪಡಿಸುವವರು ಇದನ್ನು ಗಮನಿಸಬಹುದು.

ಇನ್ನು ನಮ್ಮ ಸ್ವಂತ ತರಗತಿಯ ಸಂಗತಿ. ಇದರಲ್ಲಿ ನಮಗೆ ಕೀರ್ತಿ ತರುವಂಥದು ಹೆಚ್ಚಿಲ್ಲ. ನಾವು ಕಾಲೇಜಿಗೆ ಸೇರಿದ ಮೊದಲ ಹತ್ತು ವರುಷ ಟಿಪ್ಪಣಿ ಬರೆಯಿಸುತ್ತಿದ್ದೆವು. ಪ್ರತಿಯೊಂದು ವಾಕ್ಯವನ್ನೂ ಎರಡು ಸಲ, ಕೆಲವು ವೇಳೆ ಮೂರು ಸಲ ಹೇಳುತ್ತಿದ್ದೆವು. ಕೋಣೆ ನಿಶ್ಶಬ್ದವಾಗಿರುತ್ತಿತ್ತು, ನಾವು ಅದನ್ನು ಅವಧಾನವೆಂದು ತಿಳಿದು ಸಂತೋಷಪಡುತ್ತಿದ್ದೆವು. ಒಂದು ದಿನ ಏತಕ್ಕೋ, 'ಲೇಖನಿಗಳನ್ನು ಕೆಳಗಿಡಿ. ಈವರೆಗೆ ಏನು ಬರೆದಿರಿ, ಹೇಳಿ' ಎಂದು ವಿಚಾರಿಸಿದೆವು. ಒಬ್ಬರಿಗೂ ಹೇಳಲಾಗಲಿಲ್ಲ. ಮಾತು ಅವರ ಕಿವಿಯಿಂದ ಕೈಗೆ ನೇರವಾಗಿ ಇಳಿದು ಹೋಗಿತ್ತು; ಮನಸ್ಸಿನ ಊರನ್ನು ಸುತ್ತುಬಳಸಿನ ದಾರಿಯೆಂದು ಬಿಟ್ಟಿತ್ತು. ಮೂರು ಸಲ ಹೇಳುವ ಉಪಾಧ್ಯಾಯನು ಮೊದಲೆರಡು ಸಲ ಕೇಳಬೇಕಾಗಿಲ್ಲವೆಂಬುದನ್ನೇ ಕಲಿಸುತ್ತಿರುತ್ತಾನೆಂದು ನಮಗೆ ಆಗ ಹೊಳೆಯಿತು. ಪ್ರಾಥಮಿಕ ಶಾಲೆಯ ಉಕ್ತಲೇಖನದಲ್ಲಿಯೂ ಇದೇ ದೋಷವುಂಟು. ಒಂದು ಸಣ್ಣ ವಾಕ್ಯವನ್ನು ಒಂದೇ ಸಲ, ಸ್ಪಷ್ಟವಾಗಿ ಹೇಳಿ, ಮುಗಿದ ಮೇಲೆ ಬರೆಯಲು ಬಿಟ್ಟರೆ ಅದೇ ಉಕ್ತಲೇಖನ ಒಳ್ಳೆಯ ಅವಧಾನಾಭ್ಯಾಸವಾಗುತ್ತದೆ.

ಅಂದಿನಿಂದ ನಾವು ಕ್ರಮವನ್ನು ಬದಲಾಯಿಸಿದೆವು. ಪಾಠಕ್ಕೆ ಮೊದಲು ಕರಿಹಲಗೆಯ ಮೇಲೆ ಒಂದು ಪ್ರಶ್ನೆ ಬರೆಯುತ್ತೇವೆ. ಹತ್ತು ಹನ್ನೆರಡು ನಿಮಿಷ ಮಾತನಾಡುತ್ತೇವೆ. ಆಗ ಯಾರೂ ಬರೆಯಕೂಡದು. ಅನಂತರ ಪಕ್ಕದವರು ಪಕ್ಕದವರಿಗೆ ಕೇಳಿದ್ದನ್ನು ಹೇಳಬೇಕು, ಆಮೇಲೆ ಬರೆದುಕೊಳ್ಳಬಹುದು. ಮೊದಲನೆಯ ವಾರ ಬಹಳ ಅವಮಾನಕರವಾಗಿತ್ತು. ನಾವು ಹೇಳಿದ ಹಾಸ್ಯದ ಮಾತುಗಳೆಲ್ಲ ಅವರಿಗೆ ನೆನಪಿದ್ದವು. ಯಾವ ವಾದಕ್ಕಾಗಿ ಅವನ್ನು ಹೇಳಿದೆವೋ ಆ ವಾದ ಒಬ್ಬಿಬ್ಬರಿಗೆ ಮಾತ್ರ ನೆನಪಿತ್ತು. ಎರಡು ಮೂರು ತಿಂಗಳಾಗುವ ಹೊತ್ತಿಗೆ ಪರಿಸ್ಥಿತಿ ಸುಧಾರಿಸಿತು. ಅವರ ಅವಧಾನ ಬೆಳೆಯಿತೋ ನಮ್ಮ ಪಾಠ ಅಚ್ಚುಕಟ್ಟಾಯಿತೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಎರಡನೆಯದೂ ಅಗತ್ಯವಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ. ಕೇಂಬ್ರಿಜ್ಜಿನ ಮ್ಯಾಕ್‌ವರ್ತ್ ಎಂಬುವರು 1948ರಲ್ಲಿ, ಗಡಿಯಾರದ ಮುಳ್ಳಿನಂಥ ಒಂದು ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ನೆಗೆಯುವುದನ್ನು ಕಾದು ನೋಡುವ ಕೆಲಸವನ್ನು ಸೈನಿಕರಿಗೆ ಕೊಟ್ಟರು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ಅವರು ಹೆಚ್ಚು ಹೆಚ್ಚಾಗಿ ತಪ್ಪುತ್ತಿದ್ದರು. ಅದು ಕಣ್ಣಿನ ಕೆಲಸ, ನಿಜ; ಆದರೆ ಒಂದು ಗಂಟೆ ಎಡೆಬಿಡದೆ ಮಾತನಾಡಿ ಹುಡುಗರನ್ನು ಬೈಯುವ ಮೊದಲು ಉಪಾಧ್ಯಾಯರು ಅದನ್ನು ನೆನೆಯಬಹುದು.

ಕಡೆಯದಾಗಿ ಕಿವಿಯ ಸುತ್ತಣ ಗದ್ದಲದ ಮಾತು. ನ್ಯೂಯಾರ್ಕಿನಲ್ಲಿ ಎತ್ತರದ ಕಂಬಗಳ ಮೇಲೆ ಓಡುವ ರೈಲಿನ ಪಕ್ಕದಲ್ಲಿ ಒಂದು ಶಾಲೆಯಿತ್ತು. ಅದರ ಒಂದು ಮಗ್ಗುಲಿನ ತರಗತಿಗಳಿಗೆ ರೈಲಿನ ಸದ್ದು ಬಡಿಯುತ್ತಿತ್ತು, ಇನ್ನೊಂದು ಮಗ್ಗುಲು ಶಾಂತವಾಗಿತ್ತು. ಆರ್ಲೀನ್ ಬ್ರಾನ್‌ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿ 1975ರಲ್ಲಿ ಎರಡು ಕಡೆಯ ಮಕ್ಕಳ ಓದನ್ನು ಹೋಲಿಸಿದರು. ಆರನೆಯ ತರಗತಿಯಲ್ಲಿ ಸದ್ದಿನ ಕಡೆಯ ಮಕ್ಕಳು ಸುಮಾರು ಒಂದು ವರುಷದಷ್ಟು ಹಿಂದೆ ಬಿದ್ದಿದ್ದರು. ಅನಂತರ ಹಳಿಗಳ ಕೆಳಗೆ ರಬ್ಬರು ಹಾಕಿಸಿ, ತರಗತಿಗಳ ಚಾವಣಿಗೆ ಸದ್ದನ್ನು ಹೀರುವ ಹಲಗೆಗಳನ್ನು ಹೊದಿಸಿದರು. 1981ರಲ್ಲಿ ಪ್ರಕಟವಾದ ಎರಡನೆಯ ವರದಿಯಲ್ಲಿ ಆ ಅಂತರವೇ ಇಲ್ಲವಾಗಿತ್ತು. ಆ ಮಕ್ಕಳಿಗೆ ಯಾರೂ ಏಕಾಗ್ರತೆಯ ಪಾಠ ಹೇಳಿರಲಿಲ್ಲ.

ಈ ವರದಿಯನ್ನು ನಾವು ಓದಿದ್ದು ತಡವಾಗಿ. ಅದಕ್ಕೆ ಮೊದಲೇ ಒಬ್ಬ ವಿದ್ಯಾರ್ಥಿ ನಮಗೆ ಅದನ್ನು ಬೇರೆ ರೀತಿಯಲ್ಲಿ ಕಲಿಸಿದ್ದನು. ನಮ್ಮ ಕೋಣೆಯ ಒಂದು ಕಡೆ ಕಿಟಕಿಗಳು ಬೀದಿಗೆ ತೆರೆದಿದ್ದವು. ಬಸ್ಸುಗಳ ಸದ್ದು ಎಡೆಬಿಡದೆ ಬರುತ್ತಿತ್ತು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂಡುತ್ತಿದ್ದ ಈ ಹುಡುಗನನ್ನು ಸುಮಾರು ಒಂದು ವರುಷ ನಾವು ಗದರಿಸಿದ್ದೆವು. ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ. ಕೇಳಿದ್ದೊಂದಾದರೆ ಉತ್ತರ ಇನ್ನೊಂದು. ಎಲ್ಲರೂ ನಕ್ಕರೆ ತಾನೂ ಒಂದು ಗಳಿಗೆ ತಡವಾಗಿ ನಗುತ್ತಿದ್ದನು. 'ಬೀದಿಯಲ್ಲಿಯೇ ಪಾಠ ನಡೆಯುತ್ತಿದೆಯೇನಯ್ಯಾ?' ಎಂದು ನಾವು ಆಡಿದ್ದುಂಟು; ತರಗತಿ ನಕ್ಕಿದ್ದೂ ಉಂಟು. ಪಕ್ಕದವರಿಗೆ ಹೇಳುವ ಕ್ರಮ ಆರಂಭವಾದ ಮೇಲೆ ಒಂದು ದಿನ, ಜೊತೆಗಾರನ ಮಾತನ್ನು ಕೇಳುವಾಗ ಅವನು ತಲೆಯನ್ನಷ್ಟೇ ಅಲ್ಲ, ಮೈಯನ್ನೇ ಪೂರ್ತಿಯಾಗಿ ತಿರುಗಿಸಿ, ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದುದನ್ನು ಕಂಡೆವು. ಅವನು ಒಪ್ಪಿಸಿದ ಪಾಠದಲ್ಲಿ ಒಂದು ಅಂಶವೂ ಬಿಟ್ಟಿರಲಿಲ್ಲ. ತರಗತಿ ಮುಗಿದ ಮೇಲೆ ಅವನನ್ನು ನಿಲ್ಲಿಸಿಕೊಂಡೆವು.

'ಈ ಎಡಗಿವಿ ಮಂದ, ಸಾರ್. ಚಿಕ್ಕಂದಿನಲ್ಲಿ ಸೋರುತ್ತಿತ್ತು' ಎಂದನು.

'ಇಷ್ಟು ದಿನ ಏಕಯ್ಯಾ ಹೇಳಲಿಲ್ಲ?'

'ನೀವು ಕೇಳಲಿಲ್ಲ, ಸಾರ್.'

ಕೇಳುವ ಕಿವಿ ಬೀದಿಯ ಕಡೆಗೆ, ಕೇಳದ ಕಿವಿ ನಮ್ಮ ಕಡೆಗೆ. ಹಾಗೆ ಒಂದು ವರುಷ ಅವನು ಕುಳಿತಿದ್ದನು. ಮಾರನೆಯ ದಿನ ಅವನನ್ನು ಎದುರು ಗೋಡೆಯ ಬಳಿಯ ಮುಂದಿನ ಬೆಂಚಿಗೆ ಕರೆದು ಕೂಡಿಸಿದೆವು. ಕಿವಿಯ ವೈದ್ಯರನ್ನು ಕಾಣುವಂತೆ ಅವನ ತಂದೆಯವರಿಗೆ ಬರೆದೆವು. ಪರೀಕ್ಷೆಯಲ್ಲಿ ಅವನೇನೂ ಮೊದಲನೆಯವನಾಗಲಿಲ್ಲ. ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದನು. ಎಲ್ಲರೊಡನೆ ಹೊತ್ತಿಗೆ ಸರಿಯಾಗಿ ನಗತೊಡಗಿದನು. ಈಗ ಪ್ರತಿ ವರುಷ ಜೂನ್ ತಿಂಗಳಲ್ಲಿ ತರಗತಿ ಆರಂಭವಾದ ದಿನ ನಾವು ಹಾಜರಿ ಕೂಗುವುದನ್ನು ಸ್ವಲ್ಪ ಮೆಲ್ಲಗೆ, ಕರಿಹಲಗೆಯ ಕಡೆಗೆ ಮುಖ ತಿರುಗಿಸಿಕೊಂಡು ಮಾಡುತ್ತೇವೆ. ಉತ್ತರ ಬಾರದ ಹೆಸರುಗಳನ್ನು ಗುರುತುಮಾಡಿಕೊಂಡು, ಆ ವಾರದೊಳಗೆ ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸುತ್ತೇವೆ.